ತಿಂಗಳಲ್ಲೊಂದು ಕಾದಂಬರಿ: ಪೆನ್ನೋ, ಕೀಲಿಮಣೆಯೋ, ಫೋನಿನ ಮೈಕೋ?

ಮೊದಲೇ ಹೇಳಿಬಿಡುತ್ತೇನೆ. ತಿಂಗಳೊಳಗೆ ಕಾದಂಬರಿಯ ಕರಡು ಮುಗಿಯಬೇಕು ಅಂದರೆ ನನ್ನ ಓಟು ಕೀಲಿಮಣೆಗೆ. ಸಂಭಾಷಣೆಗೆ ಮಾತ್ರ ಪೆನ್ನೇ ಬೇಕು. ಫೋನಿಗೆ ಹೇಳಿ ಬರೆಸುವುದು ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಕೆಟ್ಟದ್ದು. ಹಾಸನದ ನಮ್ಮ ಮನೆಯಲ್ಲಿ ಕೂತು ಒಂದೇ ಕತೆಯ ಮೇಲೆ ಮೂರನ್ನೂ ಪಳಗಿಸಿ ನೋಡಿದ್ದೇನೆ.

ತಿಂಗಳ ಗಡುವಿನ ಈ ಹುಚ್ಚು ಹತ್ತಿದ್ದು 1999ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆ. ಕ್ರಿಸ್ ಬೇಟಿ ಎಂಬಾತ ಶುರುಮಾಡಿದ್ದು. ಮೊದಲ ಸಲ ಕೂತವರು 21 ಜನ. ಮರುವರ್ಷದಿಂದ ಅದು ನವೆಂಬರಿಗೆ ಬಂತು. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು. ಅವರು ಹಾಕಿಕೊಟ್ಟ ಲೆಕ್ಕ ಉಳಿದಿದೆ: ಮೂವತ್ತು ದಿನಕ್ಕೆ 50,000 ಪದ, ಅಂದರೆ ದಿನಕ್ಕೆ 1,667. ಕನ್ನಡದಲ್ಲಿ ಬರೆಯುವವರು ಇದನ್ನು ಹಾಗೇ ಹೊತ್ತುಕೊಳ್ಳಬಾರದು. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವುದೆಲ್ಲ ನಮ್ಮಲ್ಲಿ ಒಂದೇ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಅಷ್ಟೇ ಕತೆ ಎಷ್ಟೋ ಕಡಿಮೆ ಪದಕ್ಕೆ ಮುಗಿಯುತ್ತದೆ. ನಾನು 35,000 ಇಟ್ಟುಕೊಂಡೆ, ದಿನಕ್ಕೆ ಹೆಚ್ಚುಕಡಿಮೆ 1,200. ಪುಸ್ತಕವಾಗಲು ಅದು ಧಾರಾಳ ಸಾಕು.

ಮೈಕಿನ ವಿಚಾರ ಮೊದಲು ಮುಗಿಸೋಣ. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕುತ್ತಾ ಫೋನಿಗೆ ಕತೆ ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಓಡಾಡುವ ಅರ್ಧ ಜನ ಫೋನಿನಲ್ಲೇ ಮಾತಾಡುತ್ತಿರುತ್ತಾರೆ. ವಾಕಿಂಗ್ ಮುಗಿಯುವಷ್ಟರಲ್ಲಿ ಆ ದಿನದ ಪದವೂ ಮುಗಿದಿರುತ್ತದೆ. ಮನೆಗೆ ಬಂದು ತೆರೆದು ನೋಡಿದಾಗ ತಲೆನೋವು. ನನ್ನ ಕತೆ ದುದ್ದದ ಕಡೆಯ ಅಣ್ಣತಮ್ಮಂದಿರ ಪಾಲಿನ ಜಗಳ. ರಾಗಿ ಹೊಲದ ಬದುವಿನ ಮೇಲೆ ನಿಂತವನು ‘ಎಲ್ಲಿಗ್ಲಾ ಹೊಂಟೆ?’ ಅಂತ ಕೇಳಬೇಕು. ಮೈಕು ಅದನ್ನು ‘ಎಲ್ಲಿಗೆ ಹೊರಟೆ’ ಎಂದು ಇಸ್ತ್ರಿ ಮಾಡಿ ಕೊಟ್ಟಿತು. ‘ಬತ್ತಾವ್ನೆ’ ಅಂದಿದ್ದು ‘ಭತ್ತ ಅವನೇ’ ಆಗಿತ್ತು. ವಾರ್ತೆ ಓದುವವರ ಕನ್ನಡವಷ್ಟೇ ಅದಕ್ಕೆ ಗೊತ್ತಿರುವ ಹಾಗಿದೆ. ಪೂರ್ಣವಿರಾಮವೂ ಇಲ್ಲದೆ ಎಲ್ಲ ಒಂದೇ ಉಸಿರಿನಲ್ಲಿ ಬಿದ್ದಿರುತ್ತದೆ, ಎಲ್ಲಿ ಯಾರ ಮಾತು ಮುಗಿಯಿತು ಅಂತ ನನಗೇ ತಿಳಿಯುವುದಿಲ್ಲ. ಇದಕ್ಕಿಂತ ಸೂಕ್ಷ್ಮದ ತೊಂದರೆ ಇನ್ನೊಂದಿದೆ. ಬಾಯಲ್ಲಿ ಹೇಳುವಾಗ ನಾವು ಪ್ರಸಂಗವನ್ನು ನಡೆಸುವುದಿಲ್ಲ, ವರದಿ ಒಪ್ಪಿಸುತ್ತೇವೆ. ‘ಆಮೇಲೆ ಅವನು ಬಂದ, ಆಮೇಲೆ ಜಗಳ ಆಯ್ತು.’ ಜಗಳ ಆಯ್ತು ಅಂತ ಗೊತ್ತಾಗುತ್ತದೆಯೇ ಹೊರತು ಜಗಳ ಕಾಣುವುದಿಲ್ಲ. ನಾಳೆಯ ಅಧ್ಯಾಯದಲ್ಲಿ ಏನೇನು ಬರಬೇಕು ಅಂತ ಗುರುತು ಮಾಡಿಕೊಳ್ಳಲು ಮೈಕು ಸಾಕು, ಅದಕ್ಕಿಂತ ಹೆಚ್ಚಿನ ಕೆಲಸ ಕೊಡಬೇಡಿ.

ಕೀಲಿಮಣೆಯಲ್ಲೂ ಪಂಗಡಗಳಿವೆ. ಇಂಗ್ಲಿಷ್ ಉಚ್ಚಾರದಂತೆ ಒತ್ತಿ ಕನ್ನಡ ಬರಿಸುವ ‘ಬರಹ’ ತಂತ್ರಾಂಶದ ದಾರಿ ಒಂದು; ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿರುವ ವಿನ್ಯಾಸ ಇನ್ನೊಂದು. ಮೊದಲನೆಯದು ಕಲಿಯುವುದೇ ಬೇಡ, ಕೂತ ತಕ್ಷಣ ಬರುತ್ತದೆ. ಎರಡನೆಯದಕ್ಕೆ ಕೈ ಕೂರಲು ಕೆಲವು ದಿನ ಬೇಕು. ಆದರೆ ಅದರಲ್ಲಿ ವ್ಯಂಜನದ ಜೊತೆ ‘ಅ’ಕಾರ ತಾನಾಗಿ ಬರುತ್ತದೆ, ಒತ್ತಕ್ಷರಕ್ಕೆ ‘ಎಫ್’ ಕೀಲಿ. ‘ಕನ್ನಡ’ ಅಂತ ಬರೆಯಲು ಬರಹದ ದಾರಿಯಲ್ಲಿ 7 ಕೀಲಿ, ಜೊತೆಗೆ ಶಿಫ್ಟು. ರಾವ್ ವಿನ್ಯಾಸದಲ್ಲಿ 5. ಒಂದು ಪದಕ್ಕೆ ಇದು ಏನೂ ಅಲ್ಲ. ದಿನಕ್ಕೆ ಸಾವಿರದ ಇನ್ನೂರು ಪದಕ್ಕೆ ಬೆರಳು ನೆನಪಿಟ್ಟುಕೊಳ್ಳುತ್ತದೆ. ಗಡುವು ಶುರುವಾಗುವ ಮುಂಚೆ, ಅಕ್ಟೋಬರಿನಲ್ಲೇ ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಕೀಲಿಮಣೆಯ ಶತ್ರು ಬ್ಯಾಕ್‌ಸ್ಪೇಸ್. ಬರೆದ ಸಾಲನ್ನೇ ಒರೆಸಿ ಒರೆಸಿ ಬರೆಯುತ್ತಾ ಸಂಜೆ ಕಳೆದುಹೋಗುತ್ತದೆ. ಅನುಮಾನ ಬಂದಲ್ಲಿ ಎರಡು ನಕ್ಷತ್ರ ಚಿಹ್ನೆ ಹಾಕಿ ಮುಂದಕ್ಕೆ ಹೋಗುವುದು ನನ್ನ ಪದ್ಧತಿ. ಡಿಸೆಂಬರಿನಲ್ಲಿ ಹುಡುಕಿದರೆ ಅವೆಲ್ಲ ಸಾಲಾಗಿ ಸಿಗುತ್ತವೆ. ಕಾಗದದಲ್ಲಿ ಈ ಸೌಕರ್ಯ ಇಲ್ಲ. ಫೈಲು ಯಾವ ಫೋನಿನಲ್ಲೂ ಓದಲು ಬರುವ ಯೂನಿಕೋಡಿನಲ್ಲಿರಲಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದಿಟ್ಟರೆ, ಆ ಫಾಂಟು ಇಲ್ಲದ ಫೋನಿನಲ್ಲಿ ತೆರೆದಾಗ ಕಾದಂಬರಿ ಹೋಗಿ ಮಂತ್ರವಾಗಿರುತ್ತದೆ.

ಇನ್ನು ಪೆನ್ನು. ದೀಪಾವಳಿ ತಡವಾಗಿ ಬರುವ ವರ್ಷ, 2023ರಲ್ಲಿ ಆದಂತೆ, ಹಾಸನಾಂಬೆಯ ಬಾಗಿಲು ತೆರೆಯುವುದು ನವೆಂಬರಿನಲ್ಲೇ. ಹಾಸನದಲ್ಲಿ ಮನೆ ಇರುವವರಿಗೆ ಅದರ ಅರ್ಥ ಗೊತ್ತು: ದರ್ಶನಕ್ಕೆ ಬಂದ ನೆಂಟರೆಲ್ಲ ನಮ್ಮ ಹಾಲಿನಲ್ಲೇ. ಅಂಥ ಹೊತ್ತಲ್ಲಿ ಲ್ಯಾಪ್‌ಟಾಪ್ ತೆಗೆದರೆ ಮಕ್ಕಳು ಬಂದು ಮುತ್ತಿಕೊಳ್ಳುತ್ತವೆ. ನೋಟ್‌ಬುಕ್ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತರೆ, ‘ಲೆಕ್ಕ ಬರೀತಿದ್ದೀಯೇನೋ ಮಗಾ’ ಅಂತ ಕೇಳಿ ದೊಡ್ಡಮ್ಮ ಒಳಗೆ ಹೋಗುತ್ತಾರೆ. ಕರೆಂಟಿನ ಹಂಗೂ ಇಲ್ಲ. ಪೆನ್ನು ನಿಧಾನ, ಆ ನಿಧಾನವೇ ಸಂಭಾಷಣೆಗೆ ಹೊಂದುತ್ತದೆ. ಒಬ್ಬ ಮಾತಾಡಿದ ಮೇಲೆ ಇನ್ನೊಬ್ಬ ಎಷ್ಟು ಹೊತ್ತು ಸುಮ್ಮನಿದ್ದ ಅನ್ನುವುದು ಕೈಗೆ ತಿಳಿಯುತ್ತದೆ. ಕತೆಯಲ್ಲಿ ತಮ್ಮ ತನ್ನ ಪಾಲು ಬೇಡ ಅನ್ನುವ ಜಾಗ ಕೀಲಿಮಣೆಯಲ್ಲಿ ಬರಲೇ ಇಲ್ಲ, ಮೆಟ್ಟಿಲ ಮೇಲೆ ಬಂತು.

ಆದರೆ ಇಡೀ ಕಾದಂಬರಿಯನ್ನು ಪೆನ್ನಿನಲ್ಲಿ ಬರೆದರೆ ಟೈಪು ಮಾಡುವ ಕೆಲಸ ಎರಡನೇ ಸಲ ಕಾದಿರುತ್ತದೆ, ಗಡುವಿನೊಳಗೆ ಅದು ಆಗುವ ಮಾತಲ್ಲ. ಡಿಟಿಪಿಯವರಿಗೆ ಕೊಡಬಹುದು. ಅಲ್ಲೂ ‘ಹೊಂಟೆ’ ಅಂದಿದ್ದನ್ನು ಉಪಕಾರ ಅಂದುಕೊಂಡು ‘ಹೊರಟೆ’ ಮಾಡಿಕೊಡುವವರಿದ್ದಾರೆ, ‘ಆಡುಮಾತು, ತಿದ್ದಬಾರದು’ ಅಂತ ಮೊದಲ ಹಾಳೆಯಲ್ಲೇ ದಪ್ಪಕ್ಷರದಲ್ಲಿ ಬರೆದುಕೊಡಿ. ಲ್ಯಾಪ್‌ಟಾಪ್ ಇಲ್ಲದವರು ಫೋನಿನಲ್ಲೇ ಬರೆಯಬಹುದು, ಹೆಬ್ಬೆರಳಲ್ಲಿ. ಮೈಕಿನ ಗುಂಡಿಯನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿಟ್ಟು.