ಕಾರಿನ ಕೆಲಸವನ್ನು ಪೆಟ್ಟಿಗೆ ಸೈಕಲ್ ಮಾಡಬಲ್ಲದೇ?

ಕಾರು ಬಿಟ್ಟು ಬದುಕಬಹುದು ಎಂದು ಪ್ರಚಾರ ಮಾಡುವ ಸೈಕಲ್ ಕಾರ್ಯಕರ್ತರನ್ನು ಜನ ಮೊದಲು ಕೇಳುವುದು, ಇಬ್ಬರು ಮಕ್ಕಳನ್ನೂ ವಾರದ ದಿನಸಿಯನ್ನೂ ಯಾವುದರಲ್ಲಿ ಕೊಂಡೊಯ್ಯಬೇಕು ಎಂದು. ನ್ಯಾಯವಾದ ಪ್ರಶ್ನೆ ಅದು; ಕರಪತ್ರದಿಂದ ಅದಕ್ಕೆ ಉತ್ತರ ಕೊಡಲಾಗದು, ಹೊರೆ ಹೊರುವ ಒಂದು ವಾಹನವನ್ನೇ ತೋರಿಸಬೇಕಾಗುತ್ತದೆ. ಮುಂದೆ ಎರಡು ಚಕ್ರಗಳ ನಡುವೆ ಮರದ ಪೆಟ್ಟಿಗೆಯನ್ನಿಟ್ಟುಕೊಂಡು, ಹಿಂದಿನ ಒಂಟಿ ಚಕ್ರವನ್ನು ತುಳಿದು ನಡೆಸುವ ಮೂರು ಚಕ್ರದ ಸರಕು ಸೈಕಲ್ ಅಂಥ ವಾಹನ. ಇದನ್ನು ಬಹುಕಾಲದಿಂದ ಬಳಸುತ್ತಿರುವ ನಾನು, ಕಾರನ್ನು ಬಿಡಬೇಕೆಂದು ಯೋಚಿಸುತ್ತಿರುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿ ಸಾಮಾನು ಸಾಗಿಸುವ ಸೈಕಲ್ಲುಗಳು ಯುರೋಪಿನ ನಗರಗಳಲ್ಲಿ ಮೋಟಾರು ವ್ಯಾನು ಹೆಚ್ಚುವ ಮೊದಲೇ ಇದ್ದವು. ಆದರೆ ಮನೆಮಂದಿಯ ವಾಹನವಾಗಿ ಇದು ಹೆಸರಾದದ್ದು ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾದಿಂದ. ಖಾಲಿ ಬಿದ್ದಿದ್ದ ಸೈನಿಕ ವಸತಿಗಳನ್ನು 1971ರಲ್ಲಿ ಆಕ್ರಮಿಸಿಕೊಂಡು ಜನ ಕಟ್ಟಿಕೊಂಡ ಆ ಬಡಾವಣೆಯೊಳಗೆ ಕಾರಿಗೆ ಪ್ರವೇಶವಿರಲಿಲ್ಲವಾದ್ದರಿಂದ, ಮಕ್ಕಳನ್ನೂ ಸಾಮಾನನ್ನೂ ಒಯ್ಯಲು ಬೇರೆ ದಾರಿಯನ್ನೇ ಹುಡುಕಬೇಕಿತ್ತು. ಅಲ್ಲಿನ ಕಮ್ಮಾರ ಲಾರ್ಸ್ ಎಂಗ್‌ಸ್ಟ್ರೋಮ್ 1984ರಲ್ಲಿ ತಮ್ಮ ಸಂಗಾತಿಗೆಂದು ಒಂದು ಪೆಟ್ಟಿಗೆ ಸೈಕಲ್ ಮಾಡಿಕೊಟ್ಟರು. ನೆರೆಹೊರೆಯವರೂ ಅಂಥದ್ದೇ ಬೇಕೆಂದಾಗ ಅದೊಂದು ಉದ್ಯಮವಾಯಿತು. ಕಾರು ಇಲ್ಲದ ಕಡೆಯಲ್ಲೇ ಅದಕ್ಕೆ ಬದಲಿ ಹುಟ್ಟಿತೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಈ ಸೈಕಲ್ಲಿನ ಗುಣಗಳೂ ಮಿತಿಗಳೂ ಆ ಪರಿಸರದಿಂದಲೇ ಬಂದಿವೆ.

ಪೆಟ್ಟಿಗೆ ಸಾಮಾನ್ಯವಾಗಿ ನೀರಿಗೆ ಜಗ್ಗದ ಪ್ಲೈವುಡ್ಡಿನದು. ಸುಮಾರು 100 ಕಿಲೋ ಭಾರವನ್ನು ತಡೆಯುತ್ತದೆ. ಒಳಗೆ ಬೆಂಚು, ಮಕ್ಕಳಿಗೆ ಬೆಲ್ಟು, ಮಳೆಗೆ ಮುಚ್ಚಿಗೆ ಇರುತ್ತವೆ. ಮಕ್ಕಳು ಸವಾರರ ಕಣ್ಣೆದುರಿಗೇ ಕುಳಿತಿರುವುದರಿಂದ ದಾರಿಯುದ್ದಕ್ಕೂ ಮಾತು ನಡೆಯುತ್ತದೆ, ಹಿಂದಿನ ಸೀಟಿನ ಮಗು ನಿದ್ದೆಹೋಯಿತೇ ಎಂದು ಕತ್ತು ಹೊರಳಿಸುವ ಅಪಾಯವೂ ತಪ್ಪುತ್ತದೆ. ನಿಂತಲ್ಲಿ ಇದು ಬೀಳುವುದಿಲ್ಲ, ಆದ್ದರಿಂದ ಸಿಗ್ನಲ್ಲಿನಲ್ಲಿ ಕಾಲೂರಬೇಕಾಗಿಲ್ಲ, ಮಗುವನ್ನು ಹತ್ತಿಸುವಾಗ ಒಂದು ಕೈಯಿಂದ ಸೈಕಲ್ ಹಿಡಿದುಕೊಳ್ಳಬೇಕಾಗಿಲ್ಲ. 1992ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ರಿಟಿಕಲ್ ಮಾಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಾಮೂಹಿಕ ಸವಾರಿ ಆರಂಭವಾಗಿ ಜಗತ್ತಿನ ಅನೇಕ ನಗರಗಳಿಗೆ ಹರಡಿತಷ್ಟೆ. ಅಂಥ ಸವಾರಿಗಳಲ್ಲಿ ಧ್ವನಿವರ್ಧಕ, ಪಂಪು, ಪಂಕ್ಚರ್ ಸಾಮಾನು, ತುಳಿದು ದಣಿದ ಪುಟ್ಟ ಸವಾರರು ಎಲ್ಲವನ್ನೂ ಹೊರುವುದು ಇಂಥ ಪೆಟ್ಟಿಗೆಗಳೇ.

ಇಷ್ಟಾದರೂ ಎರಡು ಚಕ್ರದ ಸೈಕಲ್ಲಿನಲ್ಲಿ ಪಳಗಿದವರು ಇದನ್ನು ಹತ್ತಿದೊಡನೆ ತಬ್ಬಿಬ್ಬಾಗುತ್ತಾರೆ. ಸಾಮಾನ್ಯ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ಇದು ವಾಲುವುದಿಲ್ಲ. ಹ್ಯಾಂಡಲ್ ತಿರುಗಿಸಿದರೆ ಪೆಟ್ಟಿಗೆಯೂ ಮುಂದಿನ ಎರಡು ಚಕ್ರಗಳೂ ಒಟ್ಟಿಗೇ ತಿರುಗುತ್ತವೆ. ವೇಗ ಹೆಚ್ಚಿದ್ದರೆ ತಿರುವಿನ ಒಳಬದಿಯ ಚಕ್ರ ನೆಲ ಬಿಟ್ಟು ಏಳುತ್ತದೆ. ಪೆಟ್ಟಿಗೆ ಖಾಲಿಯಿದ್ದಾಗ ಇದು ಇನ್ನಷ್ಟು ಬೇಗ ಆಗುವುದರಿಂದ, ತಿರುವಿಗೆ ಮೊದಲೇ ವೇಗ ಇಳಿಸಿ, ಮೈಯನ್ನು ಒಳಬದಿಗೆ ಒತ್ತಿ, ನಿಧಾನವಾಗಿ ತಿರುಗಿಸುವುದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು. ರಸ್ತೆ ಒಂದು ಬದಿಗೆ ಇಳಿಜಾರಾಗಿದ್ದರೆ ಸೈಕಲ್ಲೂ ಆ ಬದಿಗೇ ಎಳೆಯುತ್ತದೆ. ದೂರದ ದಾರಿಯಲ್ಲಿ ಭುಜ ನೋಯುವುದು ಇದರಿಂದಲೇ. ವಾಲದ ಚಕ್ರಗಳ ಮೇಲೆ ಪಕ್ಕದ ಒತ್ತಡ ಬೀಳುವುದರಿಂದ ಕಡ್ಡಿಗಳು ಗಟ್ಟಿಯಾಗಿರಬೇಕು. ಇಳಿಜಾರಿನಲ್ಲಿ ತುಂಬಿದ ಪೆಟ್ಟಿಗೆಯನ್ನು ನಿಲ್ಲಿಸಬಲ್ಲ ಬ್ರೇಕು ಮುಂದಿನ ಎರಡೂ ಚಕ್ರಗಳಿಗೆ ಬೇಕು, ಜೊತೆಗೆ ನಿಲ್ಲಿಸಿದಾಗ ಉರುಳಿಹೋಗದಂತೆ ಹಿಡಿದಿಡುವ ಲಾಕೂ ಬೇಕು. ಇವೆರಡರಲ್ಲಿ ಜಿಪುಣತನ ಮಾಡಿದ ಮಾದರಿಯನ್ನು, ಅದು ಎಷ್ಟೇ ಅಂದವಾಗಿದ್ದರೂ, ಮಕ್ಕಳಿರುವ ಮನೆಗೆ ನಾನು ಸೂಚಿಸಲಾರೆ.

ಏರುದಾರಿಯ ಊರಿನಲ್ಲಿ ಮೋಟರ್ ಇಲ್ಲದ ಮಾದರಿ ಕಷ್ಟ. ಐರೋಪ್ಯ ಒಕ್ಕೂಟದ ನಿಯಮದಂತೆ, ಸೈಕಲ್ ಎಂದೇ ಪರಿಗಣಿತವಾಗುವ ವಾಹನದ ಮೋಟರ್ 250 ವ್ಯಾಟ್ ಮೀರಬಾರದು, ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದಾಗ ಅದರ ನೆರವು ನಿಲ್ಲಬೇಕು. ಮೂರು ಚಕ್ರದ ಸೈಕಲ್ಲಿಗೆ ಅದಕ್ಕಿಂತ ವೇಗ ಬೇಕಾಗಿಯೂ ಇಲ್ಲ.

ಈ ವಸ್ತುವಿನ ನಿಜವಾದ ತೊಡಕು ಅಗಲದ್ದು. ಹೆಚ್ಚುಕಡಿಮೆ 90 ಸೆಂಟಿಮೀಟರ್ ಅಗಲ, ಎರಡು ಮೀಟರಿಗೆ ತುಸು ಹೆಚ್ಚು ಉದ್ದವಿರುವ ಈ ಸೈಕಲ್ಲುಗಳು ಒಂದು ಕಾರು ನಿಲ್ಲುವ ಜಾಗದಲ್ಲಿ ನಾಲ್ಕು ಹಿಡಿಯುತ್ತವೆ, ಆದರೆ ಕಾರುಗಳನ್ನು ತಡೆಯಲೆಂದು ಒತ್ತೊತ್ತಾಗಿ ನೆಟ್ಟ ಕಂಬಗಳ ನಡುವೆ ತೂರುವುದಿಲ್ಲ, ಪಟ್ಟಿ ಎಳೆದು ಸೈಕಲ್ ದಾರಿಯೆಂದು ಕರೆದ ಇಕ್ಕಟ್ಟಿನಲ್ಲಿ ನೆಮ್ಮದಿಯಾಗಿ ಸಾಗುವುದಿಲ್ಲ. ಇದನ್ನು ತಯಾರಕರು ಸರಿಪಡಿಸಲಾರರು. ರಸ್ತೆಯ ಜಾಗವನ್ನು ಹಂಚುವವರನ್ನು ಜನರೇ ಒತ್ತಾಯಿಸಬೇಕು. ನೆದರ್ಲೆಂಡ್ಸ್‌ನಲ್ಲಿ 1971ರ ಒಂದೇ ವರ್ಷದಲ್ಲಿ ಸುಮಾರು 3,300 ಮಂದಿ, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು, ರಸ್ತೆಯಲ್ಲಿ ಸತ್ತ ಬಳಿಕ ಹುಟ್ಟಿದ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಚಳವಳಿ ಬೀದಿಗಳನ್ನು ತಡೆದು ಮಕ್ಕಳ ಆಟಕ್ಕೆ ಬಿಟ್ಟುಕೊಟ್ಟಿತು. ಇಂದು ಅಲ್ಲಿ ಪೆಟ್ಟಿಗೆ ಸೈಕಲ್ ಸಹಜವಾಗಿ ಓಡಾಡುವುದರ ಹಿಂದೆ ಅಂಥ ತಾಯ್ತಂದೆಯರ ಹಠವಿದೆ. 2008ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ಶುರುವಾದ ಕಿಡಿಕಲ್ ಮಾಸ್ ಎಂಬ ಮಕ್ಕಳ ಸವಾರಿ ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ. ಸೈಕಲ್ ಕೊಳ್ಳುವವರು ಹತ್ತಿರದ ಇಂಥ ಗುಂಪನ್ನು ಸೇರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ: ಕಂಬಗಳ ಅಂತರ, ನಿಲುಗಡೆಯ ಜಾಗ, ತಿರುವಿನ ಅಗಲ ಇವನ್ನೆಲ್ಲ ಅಳೆದು ಅಧಿಕಾರಿಗಳ ಮುಂದಿಡುವವರು ಅಲ್ಲಿರುತ್ತಾರೆ.

ಕೊಳ್ಳುವ ಮೊದಲು ಬಳಸಿ ನೋಡಲು ಅವಕಾಶವಿದ್ದರೆ ಬಿಡಬಾರದು. ಜರ್ಮನಿಯಲ್ಲಿ 2013ರಲ್ಲಿ ಕಲೋನ್ ನಗರದಿಂದ ಆರಂಭವಾದ ಉಚಿತ ಸರಕು ಸೈಕಲ್ ಎರವಲಿನ ವ್ಯವಸ್ಥೆ ನನಗೆ ಅತ್ಯಂತ ಮೆಚ್ಚುಗೆಯಾದದ್ದು; ಸ್ವಯಂಸೇವಕರೇ ನಡೆಸುವ ಈ ಬಗೆಯ ಗುಂಪುಗಳು ಈಗ ಆ ದೇಶದ ಅನೇಕ ಊರುಗಳಲ್ಲಿವೆ, ಒಂದು ಸೈಕಲ್ ಹತ್ತಾರು ಮನೆಗಳಿಗೆ ಆಗುತ್ತದೆ. ಯುರೋಪಿನ ನಗರಗಳಲ್ಲಿ ಸರಕಿಗೆ ಸಂಬಂಧಿಸಿದ ಮೋಟಾರು ಪ್ರಯಾಣಗಳಲ್ಲಿ ಸುಮಾರು 51 ಶೇಕಡಾವನ್ನು ಸೈಕಲ್ಲಿಗೆ ವರ್ಗಾಯಿಸಬಹುದೆಂದು, ಐರೋಪ್ಯ ಒಕ್ಕೂಟದ ನೆರವಿನಿಂದ ನಡೆದ ಸೈಕಲ್‌ಲಾಜಿಸ್ಟಿಕ್ಸ್ ಎಂಬ ಯೋಜನೆ ಅಂದಾಜಿಸಿತ್ತು. ಆ ಪ್ರಯಾಣಗಳಲ್ಲಿ ಬಹುಪಾಲು ನಮ್ಮ ನಿಮ್ಮಂಥವರು ಅಂಗಡಿ ಮೊದಲಾದ ಸ್ವಂತ ಕೆಲಸಗಳಿಗೆ ಹೋಗಿ ಬರುವಂಥವೇ.

ಚಿಕ್ಕ ಮಕ್ಕಳಿರುವ, ದಿನದ ಓಡಾಟ ಕೆಲವೇ ಕಿಲೋಮೀಟರುಗಳೊಳಗೆ ಮುಗಿಯುವ, ನೆಲಮಟ್ಟದಲ್ಲಿ ಸೈಕಲ್ ನಿಲ್ಲಿಸಲು ಜಾಗವಿರುವ ಮನೆಗೆ ಇದನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ದೂರದ ದಾರಿಯನ್ನು ಬೇಗ ಕ್ರಮಿಸಬೇಕಾದವರಿಗೆ ಉದ್ದನೆಯ ಎರಡು ಚಕ್ರದ ಪೆಟ್ಟಿಗೆ ಸೈಕಲ್ ಒಗ್ಗುತ್ತದೆ. ಮೆಟ್ಟಿಲು ಹತ್ತಿಸಲೇಬೇಕಾದ ಮನೆಯವರು ಮಾತ್ರ ಇವೆರಡನ್ನೂ ಬಿಟ್ಟು, ಸಾಮಾನ್ಯ ಸೈಕಲ್ಲಿಗೆ ಬೇಕಾದಾಗ ಜೋಡಿಸಿ ಬೇಡವಾದಾಗ ಬಿಚ್ಚಿಡಬಹುದಾದ ಟ್ರೇಲರ್ ನೋಡುವುದು ಒಳಿತು.