ತಣ್ಣಗಿದ್ದಾಗ ಮಾತ್ರ ನಡುಗುವ ಟರ್ಬೊ ಕಾರಿಗೆ ಹೆಬ್ಬಾಳದ ಒಂದು ಗ್ಯಾರೇಜು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಳರಸ್ತೆಯೊಂದರಲ್ಲಿರುವ ಈ ಗ್ಯಾರೇಜಿಗೆ ನಾಮಫಲಕವಿಲ್ಲ. ಗೊತ್ತಿದ್ದವರು ಹೇಳಿದರೆ ಮಾತ್ರ ಸಿಗುವ ಜಾಗವಿದು. ಹಳೆಯ ಟರ್ಬೊ ಪೆಟ್ರೋಲ್ ಕಾರುಗಳೇ ಇಲ್ಲಿ ಹೆಚ್ಚು. ಬೆಳಗಿನ ಸ್ಟಾರ್ಟಿಂಗ್ ತೊಂದರೆಯೆಂದು ಹೋದವರಿಗೆ ಮಾಲೀಕರು ಮೊದಲು ಹೇಳುವುದು ಇಷ್ಟೇ: "ಗಾಡಿ ರಾತ್ರಿ ಇಲ್ಲೇ ಬಿಡಿ ಸಾರ್, ಬೆಳಿಗ್ಗೆ ನಾನೇ ಸೆಲ್ಫ್ ಹೊಡೀತೀನಿ. ಓಡಿಸ್ಕೊಂಡು ಬಂದ ಗಾಡೀಲಿ ಏನ್ ನೋಡೋದು?" ಈ ಗ್ಯಾರೇಜಿನ ಅರ್ಧ ಯೋಗ್ಯತೆ ಆ ಮಾತಿನಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ನನ್ನದು 2011ರ ಮಾದರಿಯ, 1.8 ಲೀಟರ್‌ನ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್ನಿನ ಸೆಡಾನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಮಿಸ್ಸಿಂಗ್ ಹೊಡೆದು ಇಡೀ ಗಾಡಿ ನಡುಗುತ್ತಿತ್ತು, ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ ಬರುತ್ತಿತ್ತು, ಒಮ್ಮೊಮ್ಮೆ ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು. ಒಂದೆರಡು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ಕುವೆಂಪುನಗರದಿಂದ ರಿಂಗ್ ರಸ್ತೆ ಹಿಡಿದು ಹೆಬ್ಬಾಳ ತಲುಪುವಷ್ಟರಲ್ಲಿ ತೊಂದರೆಯ ಗುರುತೂ ಉಳಿಯುತ್ತಿರಲಿಲ್ಲ. ಇದಕ್ಕೆ ಮೊದಲು ತೋರಿಸಿದ್ದ ಇನ್ನೊಂದು ಕಡೆ, ಹೀಗೆ ಬಿಸಿಯಾಗಿದ್ದ ಗಾಡಿಗೇ ಸ್ಕ್ಯಾನರ್ ಹಾಕಿ, ಪಿ0300 ಎಂಬ ಕೋಡ್ ನೋಡಿ, ಪೆಟ್ರೋಲನ್ನು ಒತ್ತಡದಲ್ಲಿ ದೂಡುವ ಹೈ ಪ್ರೆಶರ್ ಪಂಪ್ ಬದಲಿಸಬೇಕೆಂದು ಬರೆದುಕೊಟ್ಟಿದ್ದರು. ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ದಹನ ತಪ್ಪುತ್ತಿದೆ ಎಂಬುದಷ್ಟೇ ಆ ಕೋಡಿನ ಅರ್ಥ. ಏಕೆ ತಪ್ಪುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ.

ಹೆಬ್ಬಾಳದಲ್ಲಿ ನಡೆದ ಪರೀಕ್ಷೆಯ ಕ್ರಮವೇ ಬೇರೆ. ಬೆಳಿಗ್ಗೆ ಬಾನೆಟ್ ತೆರೆಯುವುದಕ್ಕೂ ಮುಂಚೆ ಸ್ಕ್ಯಾನರ್ ಜೋಡಿಸಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟಿನ ಉಷ್ಣತೆಯನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ಹೋಲಿಸಿ ನೋಡಿದರು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಸೆನ್ಸರ್ ಕೆಟ್ಟು ಕೂಲಂಟ್ ಬಿಸಿಯಾಗಿದೆಯೆಂದು ತೋರಿಸಿದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ತಣ್ಣನೆಯ ಎಂಜಿನ್ನಿಗೆ ಬೇಕಾದಷ್ಟು ಪೆಟ್ರೋಲ್ ಕೊಡುವುದಿಲ್ಲ. ನನ್ನ ಗಾಡಿಯಲ್ಲಿ ಎರಡೂ 17 ಡಿಗ್ರಿಯ ಆಸುಪಾಸಿನಲ್ಲಿದ್ದವು. ಅನಂತರ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ 10ಕ್ಕಿಂತ ಕೆಳಗಿಳಿಯಲಿಲ್ಲ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿ (ಫ್ಯುಯೆಲ್ ರೈಲ್) ಇಂಧನದ ಒತ್ತಡ ತಡವಿಲ್ಲದೆ ಏರಿ ನಿಂತಿತು. ಇನ್ನೊಂದು ಕಡೆ ಬದಲಿಸಲು ಹೊರಟಿದ್ದ ಪಂಪಿನಲ್ಲಿ ದೋಷವಿಲ್ಲವೆಂಬುದು ಅಲ್ಲಿಗೆ ಖಚಿತವಾಯಿತು. ಇದಿಷ್ಟೂ ಒಂದು ಬೋಲ್ಟ್ ಕೂಡ ಬಿಚ್ಚದೆ ಆದ ಕೆಲಸ.

ತಣ್ಣಗಿರುವಾಗಲೇ ಏಕೆ ಎಂಬ ನನ್ನ ಪ್ರಶ್ನೆಗೆ ಮಾಲೀಕರು ಕೊಟ್ಟ ವಿವರಣೆ ನೆನಪಿಡುವಂಥದ್ದು. ಸ್ಟಾರ್ಟ್ ಆದ ಮೊದಲ ನಿಮಿಷದಲ್ಲಿ ಇಸಿಯು, ಹೊಗೆಯಲ್ಲಿನ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ಕಾಯಿಸುವುದಕ್ಕಾಗಿ ಆರ್‌ಪಿಎಂ ಏರಿಸಿ ಕಿಡಿಯನ್ನು ಬೇಕೆಂದೇ ತಡವಾಗಿ ಹೊತ್ತಿಸುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಕೂಡ ಆಗಿನ್ನೂ ಕಾಯ್ದಿರುವುದಿಲ್ಲವಾದ್ದರಿಂದ, ಎಲ್ಲಿಂದಲಾದರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದ್ದರೆ ಅದನ್ನು ತಿಳಿದು ಪೆಟ್ರೋಲ್ ಹೆಚ್ಚಿಸುವ ಉಪಾಯ ಇಸಿಯುಗೆ ಇರುವುದಿಲ್ಲ. ಬಿಸಿಯಾದ ಮೇಲೆ ಅದೇ ಸೋರಿಕೆಯನ್ನು ಅದು ತಾನೇ ಸರಿದೂಗಿಸಿಕೊಳ್ಳುವುದರಿಂದ ದೋಷ ಇದ್ದೂ ಕಾಣದಂತಾಗುತ್ತದೆ.

ಮಿಸ್ಸಿಂಗ್ ಹೆಚ್ಚಾಗಿ 2 ಮತ್ತು 3ನೇ ಸಿಲಿಂಡರಿನಲ್ಲಿತ್ತು. ಕಿಡಿಗೆ ವಿದ್ಯುತ್ ಕೊಡುವ ಅವುಗಳ ಕಾಯಿಲ್‌ಗಳನ್ನು 1 ಮತ್ತು 4ಕ್ಕೆ ಅದಲುಬದಲು ಮಾಡಿ ಮರುದಿನದ ಬೆಳಗಿಗೆ ಕಾದರು. ತೊಂದರೆ ಕಾಯಿಲ್ ಜೊತೆ ಜಾಗ ಬದಲಿಸಲಿಲ್ಲ. ಮುಂದಿನ ಬೆಳಿಗ್ಗೆ ಪ್ಲಗ್‌ಗಳ ಸರದಿ. ಇಲ್ಲಿ ಗಿರಾಕಿಗೆ ತಾಳ್ಮೆ ಬೇಕು, ಏಕೆಂದರೆ ಎಂಜಿನ್ ಪೂರ್ತಿ ತಣ್ಣಗಾಗದೆ ಫಲಿತಾಂಶ ತಿಳಿಯುವುದಿಲ್ಲ, ಹಾಗಾಗಿ ದಿನಕ್ಕೆ ಒಂದೇ ಪರೀಕ್ಷೆ ಸಾಧ್ಯ. ಕೊನೆಗೆ ಇನ್‌ಟೇಕ್ ಕೊಳವೆಗೆ ಹೊಗೆ ತುಂಬಿಸಿದಾಗ ಎಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕಿಗೆ ಬಿಡುವ ಬ್ರೀದರ್ ವಾಲ್ವಿನ ರಂಧ್ರದಿಂದ ಹೊಗೆ ಹೊರಬಂತು. ಒಳಗಿನ ರಬ್ಬರ್ ಪೊರೆ ಹರಿದಿತ್ತು.

ಅದನ್ನು ಬದಲಿಸಿದ ಮೇಲೆ ನಡುಕ ಬಹಳ ಕಡಿಮೆಯಾಯಿತಾದರೂ ಪೂರ್ತಿ ಹೋಗಲಿಲ್ಲ. ಮಾಲೀಕರು ಇದನ್ನು ಮೊದಲೇ ಊಹಿಸಿದ್ದರು. ಇಂಥ ಎಂಜಿನ್ನಿನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಸಿಂಪಡಣೆಯಾಗುವುದರಿಂದ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುವ ದ್ರವವೇ ಇರುವುದಿಲ್ಲ, ಬ್ರೀದರ್ ಮೂಲಕ ಬರುವ ಆಯಿಲ್ ಆವಿ ಅವುಗಳ ಮೇಲೆ ಕೂತು ಸುಟ್ಟು ಗಟ್ಟಿಯಾಗುತ್ತದೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಬಿಚ್ಚಿ ತೋರಿಸಿದಾಗ ವಾಲ್ವ್‌ಗಳು ವರ್ಷಗಟ್ಟಲೆ ಸೌದೆ ಒಲೆಯ ಮೇಲೆ ಕೂತ ಹಂಡೆಯ ತಳದಂತಿದ್ದವು. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಅವನ್ನು ಶುಚಿಗೊಳಿಸಿದರು. ಬಂಕುಗಳಲ್ಲಿ ಮಾರುವ ಕ್ಲೀನರ್ ಬಾಟಲಿಗಳನ್ನು ಪೆಟ್ರೋಲಿಗೆ ಎಷ್ಟು ಬೆರೆಸಿದರೂ ಅದು ಈ ವಾಲ್ವ್‌ಗಳನ್ನು ಮುಟ್ಟುವುದೇ ಇಲ್ಲವಾದ್ದರಿಂದ ಆ ಖರ್ಚು ದಂಡ.

ಈಗ ಎಲ್ಲ ತೊಂದರೆಗೂ ಎಥನಾಲ್ ಬೆರೆತ ಪೆಟ್ರೋಲನ್ನು ದೂರುವುದು ರೂಢಿಯಾಗಿದೆ. ನಾನೂ ಕೇಳಿದೆ. ಶುದ್ಧ ಎಥನಾಲಿನಲ್ಲಿ ಓಡುವ ಬ್ರೆಜಿಲ್‌ನ ಕಾರುಗಳಿಗೆ ಚಳಿಯಲ್ಲಿ ಸ್ಟಾರ್ಟ್ ಆಗಲು ಪೆಟ್ರೋಲಿನ ಪುಟ್ಟ ಟ್ಯಾಂಕ್ ಇಡುತ್ತಿದ್ದುದು ನಿಜ, ಆದರೆ ಶೇ 20ರ ಮಿಶ್ರಣಕ್ಕೆ ಮೈಸೂರಿನ ಡಿಸೆಂಬರ್ ಚಳಿ ಅಂಥ ಚಳಿಯೇನಲ್ಲ ಎಂದರು. ಹಳೆಯ ರಬ್ಬರ್ ಪೈಪುಗಳ ಮೇಲೆ ಅದರ ಪರಿಣಾಮ ಬೇರೆ ವಿಚಾರ, ಅವನ್ನೂ ಪರಿಶೀಲಿಸಿಕೊಟ್ಟರು.

ಪರೀಕ್ಷೆಗೆ 2,000 ರೂಪಾಯಿ ತೆಗೆದುಕೊಳ್ಳುತ್ತಾರೆ, ಕೆಲಸ ಅಲ್ಲೇ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ವಾಲ್ವ್‌ಗಳ ಮೊದಲಿನ ಮತ್ತು ನಂತರದ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ, ತೆಗೆದ ಹಳೆಯ ಪಾರ್ಟನ್ನು ಕೈಗೇ ಕೊಟ್ಟರು. ಕುಂದುಗಳೂ ಇವೆ. ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಕೊಡುವುದಿಲ್ಲ. ಬೆಂಗಳೂರಿನಿಂದ ಬರಬೇಕಾದ ಪಾರ್ಟ್ ತಡವಾದಾಗ ತಾವಾಗಿ ತಿಳಿಸಲಿಲ್ಲ, ಕರೆ ಮಾಡಿದರೂ ಫೋನ್ ಎತ್ತುವುದು ಅಪರೂಪ. ಗಾಡಿಗಳನ್ನು ರಾತ್ರಿ ನಿಲ್ಲಿಸುವ ಶೆಡ್ಡಿಗೆ ಸಿಸಿಟಿವಿ ಇಲ್ಲ. ಗಾಡಿಯನ್ನು ಹಲವು ರಾತ್ರಿ ತಮ್ಮಲ್ಲೇ ಇಟ್ಟುಕೊಳ್ಳುವ ಗ್ಯಾರೇಜಿನಲ್ಲಿ ಈ ಕೊನೆಯದು ಸಣ್ಣ ಕೊರತೆಯಲ್ಲ.

ಆಯಿಲನ್ನು 15,000 ಕಿಲೋಮೀಟರಿನವರೆಗೆ ಎಳೆಯದೆ 7,500ಕ್ಕೇ ಬದಲಿಸಬೇಕೆಂದೂ, ಹಾಗೆ ಮಾಡಿದರೂ ಮಸಿ ನಿಧಾನವಾಗಿ ಮತ್ತೆ ಕೂಡುತ್ತದೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಡೀಸೆಲ್ ಗಾಡಿಗಳನ್ನು ಇವರು ತೆಗೆದುಕೊಳ್ಳುವುದಿಲ್ಲ. ಹೋಗುವವರು ಸಂಜೆ 6ರೊಳಗೆ ಗಾಡಿ ಬಿಟ್ಟು ಬರುವುದು ಒಳ್ಳೆಯದು, ತಡವಾಗಿ ಬಂದ ಗಾಡಿ ಬೆಳಗಿಗೆ ಸಾಕಷ್ಟು ತಣಿದಿರುವುದಿಲ್ಲವೆಂದು ಪರೀಕ್ಷೆಯನ್ನು ಮರುದಿನಕ್ಕೆ ಹಾಕುತ್ತಾರೆ.