ಗಲ್ಫಿಗೆ ಹೊರಡುವವರಿಗೆ ಇ-ಮೈಗ್ರೇಟ್: ಬಳಸಿ ನೋಡಿದವನ ಮಾತು

ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟ್ ನಮ್ಮ ಕುಂದಾಪುರ ಕಡೆಯ ಎಲ್ಲ ಗಲ್ಫ್ ಮನೆಗಳಿಗೂ ಗೊತ್ತಿರಬೇಕು. ಅಕ್ಕನ ಮಗ ಪ್ಲಂಬರ್ ಕೆಲಸಕ್ಕೆ ಸೌದಿಯ ದಮ್ಮಾಮಿಗೆ ಹೊರಟಾಗ ಇದನ್ನು ಕೂತು ಬಳಸಿದೆ. ನನಗೆ ಬಹಳ ಇಷ್ಟವಾಯಿತು.

ಹುಡುಗ ಹತ್ತನೇ ಕ್ಲಾಸ್ ಪಾಸಾಗಿಲ್ಲ. ಹಾಗಾಗಿ ಅವನದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾದದ್ದು. ಇಂಥವರು ಸೌದಿ, ಕುವೈತ್, ಕತಾರ್, ಒಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವೀಸಾ ಇದ್ದರೆ ಸಾಲದು, ನಮ್ಮ ಸರ್ಕಾರದ ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗಲು ಅನುಮತಿ, ಕೂಡ ಬೇಕು. 1983ರ ಕಾನೂನು ಅದು. ಈಗ ಆ ಕೆಲಸವೆಲ್ಲ ಇ-ಮೈಗ್ರೇಟ್‌ನಲ್ಲೇ ನಡೆಯುತ್ತದೆ.

ಅತಿ ಉಪಯೋಗದ್ದು ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರ ಪಟ್ಟಿ. ಯಾರ ನೋಂದಣಿ ಚಾಲ್ತಿಯಲ್ಲಿದೆ, ಯಾರದು ಮುಗಿದಿದೆ, ಯಾರದು ರದ್ದಾಗಿದೆ, ಎಲ್ಲವನ್ನೂ ದುಡ್ಡಿಲ್ಲದೆ ನೋಡಬಹುದು. ನಮ್ಮ ಹುಡುಗನಿಗೆ ಮೊದಲು ಗಂಟುಬಿದ್ದವನು ಒಂದೂವರೆ ಲಕ್ಷ ಕೇಳಿದ್ದ. "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸದ ವೀಸಾಕ್ಕೆ ಬದಲಿಸಿಕೊಡುತ್ತೇವೆ" ಎಂದಿದ್ದ. ನೋಂದಣಿ ಸಂಖ್ಯೆ ಕೇಳಿದರೆ ಮಾತು ಹಾರಿಸಿದ. ಪಟ್ಟಿಯಲ್ಲಿ ಹುಡುಕಿದರೆ ಅವನ ಹೆಸರೇ ಇಲ್ಲ. ಅಲ್ಲಿಗೇ ಬಿಟ್ಟೆವು. ನೋಂದಣಿ ಇರುವ ಏಜೆಂಟರು ಹುಡುಗರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೇಳಿ ತೆಗೆದುಕೊಳ್ಳಬೇಕು. ಈ ಮಿತಿ ಗೊತ್ತಿಲ್ಲದೆ ನಮ್ಮ ಕಡೆ ಎಷ್ಟು ಮನೆಯ ಬಂಗಾರ ಅಡವಿಗೆ ಹೋಗಿದೆ!

ಎರಡನೆಯದು ಒಪ್ಪಂದ. ನಾನು ಸೌದಿಯ ಜುಬೈಲ್‌ನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಇಲ್ಲಿ ಸಹಿ ಹಾಕಿದ ಕಾಗದ ಒಂದು, ಅಲ್ಲಿ ಇಳಿದ ಮೇಲೆ ಕೈಗೆ ಕೊಡುವ ಕಾಗದ ಇನ್ನೊಂದು. ಸಂಬಳ ಇಳಿದಿರುತ್ತಿತ್ತು. ಯಾರ ಹತ್ತಿರ ಹೇಳುವುದು? ಈಗ ಕಂಪನಿ, ಹುದ್ದೆ, ಸಂಬಳ ಎಲ್ಲ ಮೊದಲೇ ಸರ್ಕಾರದ ದಾಖಲೆಗೆ ಸೇರುತ್ತವೆ. ಮುಂದೆ ತಕರಾರು ಬಂದರೆ ತೋರಿಸಲು ಒಂದು ಆಧಾರ ಇರುತ್ತದೆ. "ಮಾವ, ಒಂಚೂರ್ ಕಾಣಿ" ಅಂತ ಹುಡುಗ ಒಪ್ಪಂದ ತಂದಾಗ ನಾನು ಮೊದಲು ನೋಡಿದ್ದು ಊಟದ ಸಾಲು. ಕಂಪನಿಯೇ ಊಟ ಹಾಕುತ್ತದಾ, ಇಲ್ಲ ಬೇರೆ ದುಡ್ಡು ಕೊಡುತ್ತದಾ? ಅದು ಸ್ಪಷ್ಟ ಇಲ್ಲದಿದ್ದರೆ ಪ್ರತಿ ತಿಂಗಳೂ ಸಂಬಳ ಕರಗುತ್ತದೆ. ಆಮೇಲೆ ಓವರ್‌ಟೈಮ್, ರೂಮು, ರಜೆಗೆ ಟಿಕೆಟ್. ಸುಮ್ನೆ ಸಹಿ ಹಾಕಬೇಡಿ. ಇಂಗ್ಲಿಷ್ ಓದಲು ಬರುವವರ ಜೊತೆ ಕೂತು ಒಂದೊಂದೇ ಸಾಲು ನೋಡಿ.

ಇನ್ನು ಪ್ರವಾಸಿ ಭಾರತೀಯ ಬಿಮಾ ಯೋಜನೆ. ಕ್ಲಿಯರೆನ್ಸ್‌ಗೆ ಈ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. ನಾನಿದ್ದಾಗ ಜೊತೆಯವನೊಬ್ಬ ಕಟ್ಟಡದಿಂದ ಬಿದ್ದು ತೀರಿಹೋದ. ರೂಮಿನವರೆಲ್ಲ ಕೂಡಿಸಿ ಕಳಿಸಿದ ದುಡ್ಡೇ ಅವನ ಹೆಂಡತಿ ಮಕ್ಕಳಿಗೆ ಸಿಕ್ಕಿದ್ದು. ಅದನ್ನು ಕಣ್ಣಾರೆ ಕಂಡವನಿಗೆ ಈ 275 ರೂಪಾಯಿಯ ಬೆಲೆ ಗೊತ್ತು.

ಎಲ್ಲವೂ ಒಂದೇ ಕಡೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ಗಲ್ಫ್ ದೇಶಗಳ ವಾಫಿದ್ ವೆಬ್‌ಸೈಟ್ ಮೂಲಕ ಮೆಡಿಕಲ್ ತಪಾಸಣೆ, ಸೌದಿಯ ಪ್ಲಂಬರ್, ಎಲೆಕ್ಟ್ರಿಷಿಯನ್ ಥರದ ಕೆಲಸಗಳಿಗೆ ಅಲ್ಲಿನ ತಕಾಮೊಲ್ ಸಂಸ್ಥೆಯ ಟ್ರೇಡ್ ಟೆಸ್ಟ್ (ಕೆಲಸ ಬರುತ್ತದಾ ಎಂದು ನೋಡುವ ಪರೀಕ್ಷೆ), ವೀಸಾ, ಇವೆಲ್ಲ ಬೇರೆ ಬೇರೆ. ಫೀಸೂ ಬೇರೆ.

ನನಗೆ ಸಮಾಧಾನ ಇಲ್ಲದ್ದು ಒಂದಿದೆ. ಹತ್ತನೇ ಕ್ಲಾಸ್ ಪಾಸಾದವರಿಗೆ ಇಸಿಎನ್‌ಆರ್ (ಕ್ಲಿಯರೆನ್ಸ್ ಬೇಡದ) ಪಾಸ್‌ಪೋರ್ಟ್ ಸಿಗುತ್ತದೆ, ನರ್ಸ್‌ಗಳನ್ನು ಬಿಟ್ಟರೆ ಅವರಿಗೆ ಸಾಮಾನ್ಯವಾಗಿ ಈ ಕ್ಲಿಯರೆನ್ಸ್ ಬೇಕಿಲ್ಲ. ಆದರೆ ಮೋಸ ಮಾಡುವವನು ಮಾರ್ಕ್ಸ್ ಕಾರ್ಡ್ ನೋಡಿ ಮಾಡುತ್ತಾನಾ? ಅವರೂ ಈ ಪಟ್ಟಿಯಲ್ಲಿ ಏಜೆಂಟನ ಹೆಸರು ನೋಡಿಯೇ ದುಡ್ಡು ಕೊಡಲಿ. ಇಷ್ಟವಿದ್ದರೆ ಅವರೂ ಇಲ್ಲಿ ಹೆಸರು ನೋಂದಾಯಿಸಬಹುದು, ಅದಕ್ಕೆ ಅವಕಾಶ ಇದೆ.

ಹೊರಡುವ ಮೊದಲು ಕ್ಲಿಯರೆನ್ಸ್, ಒಪ್ಪಂದ, ವಿಮೆ, ಮೂರರ ಪ್ರತಿಯನ್ನೂ ಮನೆಯಲ್ಲಿ ಬಿಟ್ಟು ಹೋಗಿ. ಅಲ್ಲಿ ಏನಾದರೂ ಆದರೆ ಮನೆಯವರೇ ಇಲ್ಲಿಂದ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಆಗ ಈ ಕಾಗದಗಳು ಅವರ ಕೈಯಲ್ಲಿರಬೇಕು.